ಹಗರಣವೂ ಮತಪೆಟ್ಟಿಗೆಯೂ: ಅಮೆರಿಕದ ಕಾಂಗ್ರೆಸ್ ಚುನಾವಣೆಗಳು ಕಲಿಸುವ ಪಾಠ



ಇಂದಿನ ಮಾತನ್ನು ಎರಡು ಘಟನೆಗಳಿಂದ ಆರಂಭಿಸುತ್ತೇನೆ. ಎರಡೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದವು.

ಮೊದಲನೆಯದು 2005ರ ಆಗಸ್ಟ್ ತಿಂಗಳಿನದು. ವಿಲಿಯಂ ಜೆಫರ್ಸನ್ ಎಂಬುವರು ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಿಂದ ಆರಿಸಿ ಬಂದಿದ್ದ ಡೆಮಾಕ್ರಟಿಕ್ ಪಕ್ಷದ ಸದಸ್ಯರು. ವಾಷಿಂಗ್ಟನ್‌ನಲ್ಲಿದ್ದ ಅವರ ಮನೆಯನ್ನು ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಅಧಿಕಾರಿಗಳು ಶೋಧಿಸಿದರು. ಅಡುಗೆಮನೆಯ ಫ್ರೀಜರ್‌ನಲ್ಲಿ ಆಹಾರದ ಪೊಟ್ಟಣಗಳ ನಡುವೆ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಟ್ಟಿದ್ದ 90,000 ಡಾಲರ್ ನಗದು ಸಿಕ್ಕಿತು. 2006ರ ಮೇ ತಿಂಗಳಲ್ಲಿ ಈ ಸುದ್ದಿ ಬಹಿರಂಗವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರ ಕ್ಷೇತ್ರದ ಮತದಾರರು ಏನು ಮಾಡಿದರು ಗೊತ್ತೇ? ಅವರನ್ನೇ ಮತ್ತೆ ಗೆಲ್ಲಿಸಿದರು.

ಎರಡನೆಯದು 2008ರದು. ಟೆಡ್ ಸ್ಟೀವನ್ಸ್ ಎಂಬುವರು ಅಲಾಸ್ಕಾ ರಾಜ್ಯವನ್ನು ಸೆನೆಟ್‌ನಲ್ಲಿ 40 ವರ್ಷ ಪ್ರತಿನಿಧಿಸಿದ್ದ ರಿಪಬ್ಲಿಕನ್ ಹಿರಿಯರು. ತಮಗೆ ಸಂದ ಉಡುಗೊರೆಗಳನ್ನೂ ತಮ್ಮ ಮನೆಯ ನವೀಕರಣಕ್ಕೆ ದೊರೆತ ನೆರವನ್ನೂ ಘೋಷಣಾ ಪತ್ರದಲ್ಲಿ ಮುಚ್ಚಿಟ್ಟರೆಂಬುದು ಅವರ ಮೇಲಿದ್ದ ಆರೋಪ. ಅಕ್ಟೋಬರ್ 27ರಂದು ನ್ಯಾಯದರ್ಶಿ ಮಂಡಳಿ ಅವರನ್ನು ತಪ್ಪಿತಸ್ಥರೆಂದು ಸಾರಿತು. ಎಂಟು ದಿನಗಳ ನಂತರ, ನವೆಂಬರ್ 4ರಂದು ಮತದಾನ. ಸ್ಟೀವನ್ಸ್ 4,000ಕ್ಕಿಂತ ಕಡಿಮೆ ಮತಗಳ ಅಂತರದಿಂದ ಸೋತರು. ಐದು ತಿಂಗಳು ಕಳೆದವು. ಆರೋಪಿಗೆ ಅನುಕೂಲವಾಗಬಹುದಾಗಿದ್ದ ಸಾಕ್ಷ್ಯವನ್ನು ಸರ್ಕಾರಿ ವಕೀಲರೇ ಬಚ್ಚಿಟ್ಟಿದ್ದರೆಂಬ ಸಂಗತಿ ಹೊರಬಂದಿತು. 2009ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಆ ತೀರ್ಪನ್ನೇ ರದ್ದುಗೊಳಿಸಿದರು. ಆದರೆ ಹೋದ ಸ್ಥಾನ ಮರಳಿ ಬರುವಂತಿರಲಿಲ್ಲ. ಮರುವರ್ಷ, 2010ರ ಆಗಸ್ಟ್‌ನಲ್ಲಿ, ವಿಮಾನ ಅಪಘಾತವೊಂದರಲ್ಲಿ ಸ್ಟೀವನ್ಸ್ ತೀರಿಕೊಂಡರು.

ಒಂದು ಕಡೆ ಫ್ರೀಜರ್‌ನಲ್ಲಿ ಹಣ ಸಿಕ್ಕಿದವರು ಗೆದ್ದರು. ಇನ್ನೊಂದು ಕಡೆ, ಮುಂದೆ ನಿಲ್ಲದೇ ಹೋದ ತೀರ್ಪಿನ ಕಾರಣ ಒಬ್ಬರು ಸೋತರು. ಹಾಗಾದರೆ ಭ್ರಷ್ಟಾಚಾರದ ಹಗರಣ ಚುನಾವಣೆಯ ಮೇಲೆ ನಿಜವಾಗಿ ಯಾವ ಪರಿಣಾಮ ಬೀರುತ್ತದೆ? ಮತದಾರ ಕಳ್ಳನನ್ನು ಶಿಕ್ಷಿಸುತ್ತಾನೆಯೇ? ಶಿಕ್ಷಿಸಿದಾಗಲೆಲ್ಲ ಅದು ಸರಿಯಾದ ಶಿಕ್ಷೆಯೇ? ನಿಮ್ಮಲ್ಲಿ ಹಲವರು ಇನ್ನೆರಡು ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಮತ ಹಾಕುವವರು. ಆದ್ದರಿಂದ ಇದು ದೂರದ ದೇಶದ ಕಥೆಯಾದರೂ ಪ್ರಶ್ನೆ ಮಾತ್ರ ನಿಮ್ಮದೇ ಎಂದು ತಿಳಿಯಿರಿ.

ಮೊದಲು ಆ ದೇಶದ ವ್ಯವಸ್ಥೆಯನ್ನು ಸ್ವಲ್ಪ ನೋಡೋಣ. ಕಾಂಗ್ರೆಸ್ ಎಂದೊಡನೆ ನಮಗೆ ಒಂದು ರಾಜಕೀಯ ಪಕ್ಷ ನೆನಪಾಗುತ್ತದೆ. ಅಮೆರಿಕದಲ್ಲಿ ಕಾಂಗ್ರೆಸ್ ಎಂದರೆ ಸಂಸತ್ತು. ಅದಕ್ಕೆ ಎರಡು ಸದನಗಳು. ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರು. ಅವರ ಅವಧಿ ಕೇವಲ ಎರಡು ವರ್ಷ. ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಸದಸ್ಯರು. ಅವರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸ್ಥಾನಗಳಿಗೆ ಚುನಾವಣೆ. ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ನೆಲೆಸಿದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್ ರಾಜ್ಯದಿಂದ ಆರಿಸಿ ಹೋದದ್ದು ಈ ಪ್ರತಿನಿಧಿ ಸಭೆಗೇ.

ಇನ್ನೊಂದು ಮಾತು. ನಮ್ಮಲ್ಲಿ ಸರ್ಕಾರ ಬಿದ್ದು ಅವಧಿಗೆ ಮುಂಚೆ ನಡೆಯುವ ಚುನಾವಣೆಗೆ ಮಧ್ಯಂತರ ಚುನಾವಣೆ ಎನ್ನುತ್ತೇವೆ. ಅಲ್ಲಿ ಹಾಗಲ್ಲ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ತಪ್ಪದೆ ಬರುವ ಕಾಂಗ್ರೆಸ್ ಚುನಾವಣೆಯೇ ಅವರ ಮಧ್ಯಂತರ ಚುನಾವಣೆ. ದಿನವೂ ನಿಗದಿ: ಸಮಸಂಖ್ಯೆಯ ವರ್ಷದ ನವೆಂಬರ್ ತಿಂಗಳಲ್ಲಿ ಮೊದಲ ಸೋಮವಾರದ ಮಾರನೆಯ ಮಂಗಳವಾರ. ತನಿಖೆ ಮುಗಿಯಲಿ ಬಿಡಲಿ, ನ್ಯಾಯಾಲಯ ತೀರ್ಪು ಕೊಡಲಿ ಬಿಡಲಿ, ಆ ಮಂಗಳವಾರ ಯಾರಿಗಾಗಿಯೂ ಕಾಯುವುದಿಲ್ಲ. ನ್ಯಾಯಾಲಯದ ಪಂಚಾಂಗ ಬೇರೆ, ಚುನಾವಣೆಯ ಪಂಚಾಂಗ ಬೇರೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಹಗರಣವೊಂದು ಇಡೀ ದೇಶದ ಚುನಾವಣೆಯನ್ನು ಅಲುಗಿಸಿದ ಅತ್ಯಂತ ಪ್ರಸಿದ್ಧ ಉದಾಹರಣೆ ವಾಟರ್‌ಗೇಟ್. 1972ರ ಜೂನ್ 17ರಂದು ವಾಷಿಂಗ್ಟನ್ ನಗರದ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಆಗ ಅದು ಸಣ್ಣ ಕಳವಿನ ಸುದ್ದಿಯಂತೆ ಕಂಡಿತು. ಅದೇ ನವೆಂಬರ್‌ನಲ್ಲಿ ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದು ಮರು ಆಯ್ಕೆಯಾದರು. ಹಗರಣ ಆಗಲೇ ನಡೆದಿತ್ತು, ಆದರೆ ಅದರ ಆಳ ಮತದಾರನಿಗೆ ತಿಳಿದಿರಲಿಲ್ಲ.

ಮುಂದಿನ ಎರಡು ವರ್ಷಗಳಲ್ಲಿ ಪತ್ರಿಕೆಗಳು, ಸೆನೆಟ್‌ನ ವಿಚಾರಣಾ ಸಮಿತಿ, ನ್ಯಾಯಾಲಯಗಳು ಒಂದೊಂದೇ ಎಳೆಯನ್ನು ಬಿಡಿಸಿದವು. 1973ರ ಅಕ್ಟೋಬರ್‌ನಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಬೇರೆಯದೇ ಆದ ಲಂಚ ಮತ್ತು ತೆರಿಗೆ ಪ್ರಕರಣದಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಪ್ರತಿನಿಧಿ ಸಭೆಯ ಸದಸ್ಯ ಜೆರಾಲ್ಡ್ ಫೋರ್ಡ್ ಬಂದರು. ಫೋರ್ಡ್ ಬಿಟ್ಟುಬಂದ ಮಿಷಿಗನ್‌ನ ಕ್ಷೇತ್ರ ದಶಕಗಳಿಂದ ರಿಪಬ್ಲಿಕನ್ನರ ಭದ್ರಕೋಟೆ. 1974ರ ಫೆಬ್ರವರಿಯಲ್ಲಿ ನಡೆದ ಉಪಚುನಾವಣೆಯಲ್ಲಿ ಅದೇ ಕೋಟೆ ಡೆಮಾಕ್ರಟರ ಕೈಸೇರಿತು. ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಎಲ್ಲರಿಗೂ ತಿಳಿಯಿತು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ತ್ಯಜಿಸಿದರು. ಅಧ್ಯಕ್ಷರಾದ ಫೋರ್ಡ್ ಒಂದು ತಿಂಗಳೊಳಗೆ, ಸೆಪ್ಟೆಂಬರ್ 8ರಂದು, ನಿಕ್ಸನ್ನರಿಗೆ ಸಂಪೂರ್ಣ ಕ್ಷಮಾದಾನ ನೀಡಿದರು. ಆರುತ್ತಿದ್ದ ಸಿಟ್ಟಿಗೆ ಇದು ಎಣ್ಣೆ ಹೊಯ್ದಂತಾಯಿತು.

ನವೆಂಬರ್‌ನಲ್ಲಿ ಡೆಮಾಕ್ರಟರು ಪ್ರತಿನಿಧಿ ಸಭೆಯಲ್ಲಿ 49 ಸ್ಥಾನಗಳನ್ನು ಹೆಚ್ಚಿಸಿಕೊಂಡು 291ಕ್ಕೇರಿದರು. ಗಮನಿಸಿ, ನಿಕ್ಸನ್ ಯಾವ ಕ್ಷೇತ್ರದಲ್ಲೂ ಅಭ್ಯರ್ಥಿಯಾಗಿರಲಿಲ್ಲ, ಅಧಿಕಾರದಲ್ಲೂ ಇರಲಿಲ್ಲ. ಸೋತವರಲ್ಲಿ ಬಹುತೇಕರು ಆ ಕಳವಿಗೆ ಯಾವ ಸಂಬಂಧವೂ ಇಲ್ಲದವರು. ಒಬ್ಬರ ತಪ್ಪಿಗೆ ಪಕ್ಷದ ಹೆಸರು ಹೊತ್ತವರೆಲ್ಲ ಬೆಲೆ ತೆತ್ತರು.

ಇದು ಹೇಗಾಗುತ್ತದೆ? ಎದುರು ಪಕ್ಷಕ್ಕೆ ಹೊಸ ಮತದಾರರು ರಾಶಿರಾಶಿಯಾಗಿ ಬಂದು ಬೀಳುತ್ತಾರೆಂದು ಭಾವಿಸಬೇಡಿ. 1974ರಲ್ಲಿ ಮತದಾನದ ಪ್ರಮಾಣ ಶೇಕಡಾ 40ರಷ್ಟೂ ಇರಲಿಲ್ಲ. ಹಗರಣಕ್ಕೆ ಸಿಕ್ಕ ಪಕ್ಷದ ಬೆಂಬಲಿಗರಲ್ಲಿ ಅನೇಕರು ನಾಚಿಕೆಯಿಂದಲೋ ಬೇಸರದಿಂದಲೋ ಮನೆಯಲ್ಲೇ ಉಳಿಯುತ್ತಾರೆ. ಆ ಪಕ್ಷದ ಹಿರಿಯರು ಈ ಸಲ ಬೇಡವೆಂದು ನಿವೃತ್ತರಾಗುತ್ತಾರೆ. ದಾನಿಗಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಎದುರು ಪಕ್ಷದಲ್ಲಿ ಇಲ್ಲಿಯವರೆಗೆ ಹಿಂಜರಿಯುತ್ತಿದ್ದ ಸಮರ್ಥರು, ಈ ಸಲ ಗೆಲ್ಲಬಹುದೆಂದು ಕಣಕ್ಕಿಳಿಯುತ್ತಾರೆ. ಮತದಾನದ ದಿನ ಕಾಣುವ ಫಲದ ಬೀಜ ಒಂದು ವರ್ಷ ಮೊದಲೇ, ಅಭ್ಯರ್ಥಿಗಳು ತೀರ್ಮಾನ ಮಾಡುವಾಗಲೇ ಬಿದ್ದಿರುತ್ತದೆ. ಜೊತೆಗೆ, 1974ರಲ್ಲಿ ಅಮೆರಿಕದ ಬೆಲೆಯೇರಿಕೆ ಎರಡಂಕಿ ದಾಟಿತ್ತೆಂಬುದನ್ನೂ ಮರೆಯಬಾರದು. ಕಿಸೆ ಖಾಲಿಯಿರುವಾಗ ಕೇಳುವ ಹಗರಣದ ಸುದ್ದಿಗೆ ಸಿಟ್ಟು ಇಮ್ಮಡಿಸುತ್ತದೆ.

ಆ ವರ್ಷ ಗೆದ್ದ ಹೊಸಬರನ್ನು ವಾಟರ್‌ಗೇಟ್ ಕೂಸುಗಳೆಂದು ಪತ್ರಿಕೆಗಳು ಕರೆದವು. ಅವರು ಬಂದ ಕೂಡಲೇ, 1975ರ ಆರಂಭದಲ್ಲಿ, ತಮ್ಮದೇ ಪಕ್ಷದ ಮೂವರು ಹಿರಿಯ ಸಮಿತಿ ಅಧ್ಯಕ್ಷರು ಸ್ಥಾನ ಕಳೆದುಕೊಳ್ಳಲು ಕಾರಣರಾದರು. ವರ್ಮಾಂಟ್ ರಾಜ್ಯದಿಂದ ಆಗ ಸೆನೆಟ್‌ಗೆ ಗೆದ್ದ ಪ್ಯಾಟ್ರಿಕ್ ಲೇಹಿ 2023ರ ಜನವರಿಯವರೆಗೂ ಅಲ್ಲಿದ್ದರು. ಒಂದು ಹಗರಣದ ಅಲೆ ತಂದು ಬಿಟ್ಟವರು ಸುಮಾರು ಅರ್ಧ ಶತಮಾನ ಉಳಿದದ್ದೂ ಉಂಟು! ಕಾನೂನೂ ಬದಲಾಯಿತು. 1974ರ ತಿದ್ದುಪಡಿ ಒಬ್ಬ ದಾನಿ ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 1,000 ಡಾಲರ್‌ಗಿಂತ ಹೆಚ್ಚು ಕೊಡಬಾರದೆಂದು ವಿಧಿಸಿತು. ಲೆಕ್ಕ ನೋಡಿಕೊಳ್ಳಲು ಚುನಾವಣಾ ಆಯೋಗವನ್ನೂ ರಚಿಸಿತು. ಖರ್ಚಿಗೂ ಮಿತಿ ಹಾಕಿತ್ತು. ಆದರೆ 1976ರಲ್ಲಿ ಸುಪ್ರೀಂ ಕೋರ್ಟ್ ದೇಣಿಗೆಯ ಮಿತಿಯನ್ನು ಎತ್ತಿಹಿಡಿದು ಖರ್ಚಿನ ಮಿತಿಯನ್ನು ತೆಗೆದುಹಾಕಿತು. ಹಣ ಮತ್ತು ಚುನಾವಣೆಯ ನಂಟು ಅಲ್ಲಿಗೇ ಮುಗಿಯಲಿಲ್ಲ.

ಇನ್ನು ಕ್ಯಾಮೆರಾ ಮಾಡಿದ ಕೆಲಸವನ್ನು ನೋಡೋಣ. 1970ರ ದಶಕದ ಕೊನೆಯಲ್ಲಿ ಎಫ್‌ಬಿಐ ಒಂದು ಬಲೆ ಬೀಸಿತು. ಅರಬ್ ಶೇಖ್ ಒಬ್ಬರ ಪ್ರತಿನಿಧಿಗಳೆಂದು ವೇಷ ಹಾಕಿದ ಅಧಿಕಾರಿಗಳು ಸದಸ್ಯರಿಗೆ ಲಂಚದ ಆಮಿಷ ಒಡ್ಡಿದರು. ಗುಪ್ತ ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯಿತು. ಆಬ್‌ಸ್ಕ್ಯಾಮ್ ಎಂಬ ಈ ಪ್ರಕರಣದಲ್ಲಿ ಒಬ್ಬ ಸೆನೆಟರ್ ಮತ್ತು ಪ್ರತಿನಿಧಿ ಸಭೆಯ ಆರು ಸದಸ್ಯರಿಗೆ ಶಿಕ್ಷೆಯಾಯಿತು. ಆ ಆರು ಜನರಲ್ಲಿ ಐವರು 1980ರ ಚುನಾವಣೆಯಲ್ಲೇ ಸೋತರು. ಒಬ್ಬರು ಮಾತ್ರ, ಪೆನ್ಸಿಲ್ವೇನಿಯಾದ ರೇಮಂಡ್ ಲೆಡರರ್, ದೋಷಾರೋಪ ತಲೆಯ ಮೇಲಿದ್ದರೂ ಗೆದ್ದರು. 1981ರಲ್ಲಿ ರಾಜೀನಾಮೆ ಕೊಡಬೇಕಾಯಿತು.

ಹಗರಣದ ಗಾತ್ರಕ್ಕೂ ಜನರ ಸಿಟ್ಟಿನ ಗಾತ್ರಕ್ಕೂ ಸಂಬಂಧವಿರಬೇಕೆಂದೇನೂ ಇಲ್ಲ. 1992ರ ಉದಾಹರಣೆ ನೋಡಿ. ಪ್ರತಿನಿಧಿ ಸಭೆಯ ಸದಸ್ಯರಿಗೆಂದೇ ಒಂದು ಬ್ಯಾಂಕ್ ಇತ್ತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬರೆದರೂ ಅದು ವಾಪಸಾಗುತ್ತಿರಲಿಲ್ಲ, ದಂಡವೂ ಇರಲಿಲ್ಲ. ಇಂಥ ಚೆಕ್ ಬರೆದವರು ಎರಡೂ ಪಕ್ಷಗಳಲ್ಲಿ 250ಕ್ಕೂ ಹೆಚ್ಚು. ಹಣ ಸರ್ಕಾರದ್ದಲ್ಲ, ಸದಸ್ಯರೇ ಇಟ್ಟ ಠೇವಣಿಯದು. ಬಹುಮಂದಿಯ ಮಟ್ಟಿಗೆ ಅದು ಅಪರಾಧವೂ ಆಗಿರಲಿಲ್ಲ. ಆದರೂ ದೇಶ ಕೆರಳಿತು. ಕಾರಣ ಸರಳ. ರಕ್ಷಣಾ ಗುತ್ತಿಗೆಯ ಕೋಟಿಗಟ್ಟಲೆ ವ್ಯವಹಾರ ಸಾಮಾನ್ಯನಿಗೆ ಅರ್ಥವಾಗುವುದಿಲ್ಲ. ಆದರೆ ಚೆಕ್ ವಾಪಸಾದರೆ ಬ್ಯಾಂಕಿನವರು ದಂಡ ಹಾಕುತ್ತಾರೆಂಬುದು ಪ್ರತಿ ಗೃಹಸ್ಥನಿಗೂ ಗೊತ್ತು. ನಮಗೊಂದು ನಿಯಮ, ಇವರಿಗೊಂದು ನಿಯಮವೇ ಎಂಬ ಪ್ರಶ್ನೆ ಎದ್ದಿತು. ಆ ವರ್ಷ 50ಕ್ಕೂ ಹೆಚ್ಚು ಸದಸ್ಯರು ಮರುಸ್ಪರ್ಧೆಗೆ ನಿಲ್ಲಲಿಲ್ಲ. ಜನಗಣತಿಯ ನಂತರ ಕ್ಷೇತ್ರಗಳ ಗಡಿ ಬದಲಾದದ್ದೂ ಸೇರಿಕೊಂಡು, 435ರ ಸಭೆಗೆ 110 ಹೊಸ ಮುಖಗಳು ಬಂದವು. ಸಾಮಾನ್ಯವಾಗಿ ಮರುಸ್ಪರ್ಧಿಸುವ ಸದಸ್ಯರಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಗೆಲ್ಲುವ ದೇಶದಲ್ಲಿ ಇದು ದೊಡ್ಡ ಬದಲಾವಣೆ.

ಈಗ ಒಂದೇ ಕ್ಷೇತ್ರದ ಕಥೆ ಹೇಳುತ್ತೇನೆ. ಇಲಿನಾಯ್ ರಾಜ್ಯದ ಷಿಕಾಗೊ ನಗರದ ಐದನೇ ಕ್ಷೇತ್ರ. ಅಲ್ಲಿಯ ಸದಸ್ಯ ಡ್ಯಾನ್ ರೊಸ್ಟೆನ್‌ಕೌಸ್ಕಿ 18 ಬಾರಿ ಗೆದ್ದವರು. ತೆರಿಗೆ ಕಾನೂನುಗಳನ್ನು ರೂಪಿಸುವ ಬಲಿಷ್ಠ ಸಮಿತಿಯ ಅಧ್ಯಕ್ಷರು. ಊರಿಗೆ ಸೇತುವೆ, ರಸ್ತೆ, ಅನುದಾನ ತಂದುಕೊಟ್ಟವರೆಂಬ ಹೆಸರು. ಸಭೆಯ ಅಂಚೆ ಕಚೇರಿಯ ಅವ್ಯವಹಾರದ ತನಿಖೆ ಅವರವರೆಗೂ ಬಂದು, 1994ರ ಮೇ ಕೊನೆಯಲ್ಲಿ ದೋಷಾರೋಪಣೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾವು ಹೇಳುವುದು ಇಂಥದಕ್ಕೇ. ನವೆಂಬರ್‌ನಲ್ಲಿ ಅವರನ್ನು ಸೋಲಿಸಿದವರು ಮೈಕೆಲ್ ಫ್ಲಾನಗನ್ ಎಂಬ, ಯಾರೂ ಹೆಸರು ಕೇಳಿರದ ರಿಪಬ್ಲಿಕನ್ ವಕೀಲರು. ಅದೇ ವರ್ಷ ರಿಪಬ್ಲಿಕನ್ನರು 54 ಸ್ಥಾನ ಗಳಿಸಿ, 40 ವರ್ಷಗಳಲ್ಲಿ ಮೊದಲ ಬಾರಿಗೆ ಪ್ರತಿನಿಧಿ ಸಭೆಯ ಬಹುಮತ ಪಡೆದರು. ರೊಸ್ಟೆನ್‌ಕೌಸ್ಕಿ 1996ರಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆ ಸೇರಿದರು. 2000ದ ಕೊನೆಯಲ್ಲಿ ಅಧ್ಯಕ್ಷ ಕ್ಲಿಂಟನ್ ಅವರಿಗೆ ಕ್ಷಮಾದಾನ ಕೊಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ನೀತಿಕಥೆಯಾಗುತ್ತಿತ್ತು. ಆದರೆ ಆ ಕ್ಷೇತ್ರ ಡೆಮಾಕ್ರಟರ ಒಲವಿನದು. ಎರಡೇ ವರ್ಷಗಳಲ್ಲಿ, 1996ರಲ್ಲಿ, ಫ್ಲಾನಗನ್ ಸೋತರು. ಅವರನ್ನು ಸೋಲಿಸಿ ಬಂದ ಡೆಮಾಕ್ರಟ್ ಯುವಕನ ಹೆಸರು ರಾಡ್ ಬ್ಲಾಗೊಯೆವಿಚ್. ಆತ ಮುಂದೆ ಇಲಿನಾಯ್ ರಾಜ್ಯದ ಗವರ್ನರ್ ಆದರು. ಬರಾಕ್ ಒಬಾಮಾ ಅಧ್ಯಕ್ಷರಾಗಿ ಆರಿಸಿ ಬಂದಾಗ ತೆರವಾದ ಸೆನೆಟ್ ಸ್ಥಾನಕ್ಕೆ ಹೆಸರು ಸೂಚಿಸುವ ಅಧಿಕಾರವನ್ನು ಮಾರಲು ಯತ್ನಿಸಿದ ಆರೋಪದಲ್ಲಿ 2008ರ ಡಿಸೆಂಬರ್‌ನಲ್ಲಿ ಬಂಧಿತರಾದರು, 2009ರ ಜನವರಿಯಲ್ಲಿ ಪದಚ್ಯುತರಾದರು, ಮುಂದೆ 14 ವರ್ಷಗಳ ಶಿಕ್ಷೆಗೆ ಗುರಿಯಾದರು. 2020ರಲ್ಲಿ ಅಧ್ಯಕ್ಷ ಟ್ರಂಪ್ ಆ ಶಿಕ್ಷೆಯನ್ನು ಮೊಟಕುಗೊಳಿಸಿದರು, 2025ರಲ್ಲಿ ಕ್ಷಮಾದಾನವನ್ನೂ ಕೊಟ್ಟರು. ಒಬ್ಬ ಭ್ರಷ್ಟನನ್ನು ಕಳಿಸಿದ ಮಾತ್ರಕ್ಕೆ ಭ್ರಷ್ಟಾಚಾರ ಹೋಗುವುದಿಲ್ಲವೆಂಬುದಕ್ಕೆ ಈ ಕ್ಷೇತ್ರಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

2006ರ ಚುನಾವಣೆಯಲ್ಲಿ ಹಗರಣವೇ ಪ್ರಚಾರದ ಘೋಷಣೆಯಾಯಿತು. ಅದಕ್ಕೆ ಒಂದಲ್ಲ, ಹಲವು ಪ್ರಕರಣಗಳು ಸೇರಿಕೊಂಡವು. ಕ್ಯಾಲಿಫೋರ್ನಿಯಾದ ರ್‍ಯಾಂಡಿ ಕನಿಂಗ್‌ಹ್ಯಾಮ್ ವಿಯೆಟ್ನಾಂ ಯುದ್ಧದಲ್ಲಿ ಹೆಸರು ಮಾಡಿದ ನೌಕಾಪಡೆಯ ವಿಮಾನ ಚಾಲಕರು. ರಕ್ಷಣಾ ಗುತ್ತಿಗೆದಾರರಿಂದ ಸುಮಾರು 24 ಲಕ್ಷ ಡಾಲರ್ ಲಂಚ ಪಡೆದದ್ದನ್ನು 2005ರ ನವೆಂಬರ್‌ನಲ್ಲಿ ಒಪ್ಪಿಕೊಂಡರು. ಎಷ್ಟು ಲಂಚಕ್ಕೆ ಎಷ್ಟು ಮೊತ್ತದ ಗುತ್ತಿಗೆ ಎಂಬ ದರಪಟ್ಟಿಯನ್ನು ತಮ್ಮ ಕಚೇರಿಯ ಕಾಗದದ ಮೇಲೇ ಬರೆದಿದ್ದರು! 2006ರ ಜನವರಿಯಲ್ಲಿ ಜ್ಯಾಕ್ ಅಬ್ರಮಾಫ್ ಎಂಬ ಲಾಬಿದಾರ ತಪ್ಪೊಪ್ಪಿಕೊಂಡರು. ಲಾಬಿದಾರನೆಂದರೆ ಹಣ ಪಡೆದು, ಒಬ್ಬರ ಪರವಾಗಿ ಶಾಸಕರ ಬಳಿ ವಾದಿಸುವವನು. ಅಲ್ಲಿ ಇದು ಕಾನೂನುಬದ್ಧ ವೃತ್ತಿಯೇ. ಆದರೆ ಈತ ಮೂಲನಿವಾಸಿ ಬುಡಕಟ್ಟುಗಳಿಂದ ಅಪಾರ ಹಣ ಪಡೆದು ಅವರನ್ನೇ ವಂಚಿಸಿದ್ದರು. ಅಧಿಕಾರದಲ್ಲಿದ್ದವರಿಗೆ ಪ್ರವಾಸ, ಊಟ, ಉಡುಗೊರೆಗಳ ಮಳೆ ಸುರಿಸಿದ್ದರು. ಈತನಿಂದ ಬಂದ ದೇಣಿಗೆಯನ್ನು ಅನೇಕ ಸದಸ್ಯರು ಅವಸರವಸರವಾಗಿ ದತ್ತಿ ಸಂಸ್ಥೆಗಳಿಗೆ ಕೊಟ್ಟುಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆನ್ನುವಂತೆ!

ಡೆಮಾಕ್ರಟರು ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ, ಆಳುವ ಪಕ್ಷದಲ್ಲಿ ಭ್ರಷ್ಟಾಚಾರದ ಸಂಸ್ಕೃತಿಯೇ ಬೆಳೆದಿದೆಯೆಂದು ಪ್ರಚಾರ ಮಾಡಿದರು. ಮತ ಹಾಕಿ ಹೊರಬಂದವರನ್ನು ಪ್ರಶ್ನಿಸಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಭ್ರಷ್ಟಾಚಾರ ಅತ್ಯಂತ ಮುಖ್ಯ ವಿಷಯವೆಂದರು. ರಿಪಬ್ಲಿಕನ್ನರು ಪ್ರತಿನಿಧಿ ಸಭೆಯಲ್ಲಿ ಸುಮಾರು 30 ಸ್ಥಾನ ಕಳೆದುಕೊಂಡರು. ಎರಡೂ ಸದನಗಳ ಹಿಡಿತ ತಪ್ಪಿತು. ಇರಾಕ್ ಯುದ್ಧದ ಬೇಸರವೂ ಇದಕ್ಕೆ ದೊಡ್ಡ ಕಾರಣವೆಂಬುದನ್ನು ಸೇರಿಸಿಯೇ ಓದಬೇಕು.

ಆ ವರ್ಷದ್ದೇ ಇನ್ನೊಂದು ಸ್ವಾರಸ್ಯವಿದೆ. ರಿಪಬ್ಲಿಕನ್ನರ ಸಭಾನಾಯಕರಾಗಿದ್ದ ಟೆಕ್ಸಾಸ್‌ನ ಟಾಮ್ ಡಿಲೇ ದೇಣಿಗೆ ಹಣದ ಪ್ರಕರಣದಲ್ಲಿ ಆರೋಪಿಯಾದರು. ಮಾರ್ಚ್‌ನಲ್ಲಿ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆ ಗೆದ್ದು, ಆಮೇಲೆ ಕಣದಿಂದ ಸರಿದರು. ಆದರೆ ಅವರ ಬದಲು ಬೇರೆ ಹೆಸರನ್ನು ಮತಪತ್ರದಲ್ಲಿ ಹಾಕಲು ನ್ಯಾಯಾಲಯ ಒಪ್ಪಲಿಲ್ಲ. ಪಕ್ಷದ ಹೊಸ ಅಭ್ಯರ್ಥಿಯ ಹೆಸರನ್ನು ಮತದಾರರು ತಾವೇ ನಮೂದಿಸಿ ಮತ ಹಾಕಬೇಕಾಯಿತು. ಹೆಸರಾದರೂ ಸಣ್ಣದೇ? ಶೆಲ್ಲಿ ಸೆಕುಲಾ ಗಿಬ್ಸ್! ಡೆಮಾಕ್ರಟ್ ನಿಕ್ ಲ್ಯಾಂಪ್ಸನ್ ಗೆದ್ದರು. ಎರಡು ವರ್ಷಗಳ ನಂತರ, 2008ರಲ್ಲಿ, ಕ್ಷೇತ್ರ ಮತ್ತೆ ರಿಪಬ್ಲಿಕನ್ನರಿಗೇ ಮರಳಿತು. ಡಿಲೇ ಅವರಿಗೆ 2010ರಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದಿತು. 2013ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2014ರಲ್ಲಿ ಅದೇ ಸ್ಥಿರವಾಯಿತು. ನೋಡಿದಿರಾ, ಎರಡು ಪಂಚಾಂಗಗಳ ಮಾತು ಮತ್ತೆ ಬಂದಿತು. ಮತದಾರ 2006ರಲ್ಲೇ ತೀರ್ಮಾನಿಸಿದ. ಕಾನೂನಿಗೆ ಅದಾದ ಮೇಲೆ ಇನ್ನೂ ಎಂಟು ವರ್ಷ ಬೇಕಾಯಿತು.

ಇತ್ತ ಕನಿಂಗ್‌ಹ್ಯಾಮ್ ಅವರ ಕ್ಷೇತ್ರದಲ್ಲಿ 2006ರ ಜೂನ್‌ನಲ್ಲಿ ಉಪಚುನಾವಣೆ ನಡೆದಾಗ ಗೆದ್ದವರು ಅದೇ ರಿಪಬ್ಲಿಕನ್ ಪಕ್ಷದ ಬೇರೊಬ್ಬರು. ತಪ್ಪಿತಸ್ಥ ಹೋದ ಮೇಲೆ ಮತದಾರರು ಪಕ್ಷವನ್ನು ಬಿಡಲಿಲ್ಲ.

ಹಾಗಾದರೆ ನಾವು ಆರಂಭದಲ್ಲಿ ಕಂಡ ಜೆಫರ್ಸನ್ ಅವರನ್ನು ನ್ಯೂ ಆರ್ಲಿಯನ್ಸ್ ಜನ ಗೆಲ್ಲಿಸಿದ್ದೇಕೆ? ಅವರು ಮೂರ್ಖರೆಂದು ಹೇಳಿಬಿಡುವುದು ಸುಲಭ, ಆದರೆ ಅದು ಉತ್ತರವಲ್ಲ. 2005ರ ಕತ್ರಿನಾ ಚಂಡಮಾರುತದಿಂದ ಆ ನಗರ ಮುಳುಗಿ ಏಳುತ್ತಿತ್ತು. ವಾಷಿಂಗ್ಟನ್ ಬಲ್ಲ ಹಳಬ ಬೇಕೆಂದು ಕೆಲವರಿಗೆ ಅನಿಸಿರಬಹುದು. ಆಗಿನ್ನೂ ಅವರ ಮೇಲೆ ದೋಷಾರೋಪಣೆ ಆಗಿರಲಿಲ್ಲ. ಅದು ಆದದ್ದು 2007ರ ಜೂನ್‌ನಲ್ಲಿ. ದಕ್ಷಿಣದ ಕಪ್ಪು ಜನಾಂಗದ ಮತದಾರರಿಗೆ ಸರ್ಕಾರಿ ತನಿಖೆಗಳ ಬಗ್ಗೆ ಇತಿಹಾಸದಿಂದ ಬಂದ ಅನುಮಾನವೂ ಇದೆ. ಇನ್ನು ಎಲ್ಲ ದೇಶಗಳಿಗೂ ಸಲ್ಲುವ ಕಾರಣಗಳು ನಿಮಗೇ ಗೊತ್ತು: ನಮ್ಮವನೆಂಬ ಅಭಿಮಾನ, ಎಲ್ಲರೂ ಹಾಗೆಯೇ, ಇವನಾದರೂ ಕೆಲಸ ಮಾಡುತ್ತಾನೆಂಬ ಸಮಾಧಾನ, ಎದುರಿನವನು ಇವನಿಗಿಂತ ಹೆಚ್ಚೇನಲ್ಲ ಎಂಬ ಲೆಕ್ಕಾಚಾರ. ದೋಷಾರೋಪಣೆಯಾದ ಮೇಲೆ ಅದೇ ಮತದಾರರು 2008ರ ಡಿಸೆಂಬರ್‌ನಲ್ಲಿ ಅವರನ್ನು ಸೋಲಿಸಿ ಜೋಸೆಫ್ ಕಾವ್ ಅವರನ್ನು ಕಳಿಸಿದರು. ಅಮೆರಿಕದ ಕಾಂಗ್ರೆಸ್ಸಿಗೆ ಹೋದ ಮೊದಲ ವಿಯೆಟ್ನಾಂ ಮೂಲದವರು ಅವರೇ. ಜೆಫರ್ಸನ್‌ಗೆ 2009ರಲ್ಲಿ 13 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಕೊನೆಯ ಉದಾಹರಣೆ ಇತ್ತೀಚಿನದು. 2022ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ಜಾರ್ಜ್ ಸ್ಯಾಂಟೋಸ್ ಎಂಬ ರಿಪಬ್ಲಿಕನ್ ಗೆದ್ದರು. ತಮ್ಮ ಓದು, ಉದ್ಯೋಗಗಳ ಬಗ್ಗೆ ಅವರು ಹೇಳಿಕೊಂಡಿದ್ದರಲ್ಲಿ ಬಹುಪಾಲು ಕಟ್ಟುಕಥೆ. ಚುನಾವಣೆಗೆ ಮೊದಲೇ ಆ ಪ್ರದೇಶದ ಒಂದು ಪುಟ್ಟ ವಾರಪತ್ರಿಕೆ ಅವರ ಆಸ್ತಿ ಲೆಕ್ಕದ ಬಗ್ಗೆ ಅನುಮಾನ ಎತ್ತಿತ್ತು. ಯಾರೂ ಕಿವಿಗೊಡಲಿಲ್ಲ. ದೊಡ್ಡ ಪತ್ರಿಕೆ ಬರೆದದ್ದು ಗೆದ್ದ ಮೇಲೆ, ಡಿಸೆಂಬರ್‌ನಲ್ಲಿ. 2023ರ ಡಿಸೆಂಬರ್ 1ರಂದು ಸಭೆಯೇ ಅವರನ್ನು 311–114 ಮತಗಳಿಂದ ಉಚ್ಚಾಟಿಸಿತು. ಆ ಸಭೆಯ ಇತಿಹಾಸದಲ್ಲೇ ಇದು ಆರನೆಯ ಉಚ್ಚಾಟನೆ. 2024ರ ಫೆಬ್ರವರಿಯ ಉಪಚುನಾವಣೆಯಲ್ಲಿ ಸ್ಥಾನ ಡೆಮಾಕ್ರಟರಿಗೆ ಹೋಯಿತು. ಸ್ಯಾಂಟೋಸ್ 2024ರ ಆಗಸ್ಟ್‌ನಲ್ಲಿ ತಪ್ಪೊಪ್ಪಿಕೊಂಡು ಮರುವರ್ಷ ಶಿಕ್ಷೆಗೊಳಗಾದರು. 2025ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಆ ಶಿಕ್ಷೆಯನ್ನು ಮೊಟಕುಗೊಳಿಸಿದರು. ಆ ವಾರಪತ್ರಿಕೆಯ ಮಾತನ್ನು ಮೊದಲೇ ನಾಲ್ಕು ಜನ ಕೇಳಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಮಿತ್ರರೇ, ಇಷ್ಟು ಉದಾಹರಣೆಗಳಿಂದ ನಾವು ಕಾಣುವುದೇನು? ಹಗರಣ ತಾನಾಗಿಯೇ ಯಾರನ್ನೂ ಸೋಲಿಸುವುದಿಲ್ಲ. ಅದು ಜನರಿಗೆ ಅರ್ಥವಾಗಬೇಕು. ಮತದಾನಕ್ಕೆ ಮೊದಲು ತಿಳಿಯಬೇಕು. ಎದುರಿಗೆ ನಂಬಬಹುದಾದ ಇನ್ನೊಬ್ಬ ಅಭ್ಯರ್ಥಿ ಇರಬೇಕು. ಈ ಮೂರೂ ಕೂಡಿದಾಗ 1974ರಂತೆ ಅಲೆ ಏಳುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಫ್ರೀಜರ್‌ನ ಹಣವೂ ಮಾಫಿಯಾಗಿಬಿಡಬಹುದು.

ಆದರೆ ನನ್ನನ್ನು ಹೆಚ್ಚು ಕಾಡುವುದು ಗೆದ್ದ ಜೆಫರ್ಸನ್ ಅಲ್ಲ, ಸೋತ ಸ್ಟೀವನ್ಸ್. ಅಲಾಸ್ಕಾದ ಮತದಾರ ತಪ್ಪು ಮಾಡಿದನೆಂದು ಹೇಳಲಾರೆವು. ನ್ಯಾಯದರ್ಶಿ ಮಂಡಳಿಯೇ ತಪ್ಪಿತಸ್ಥರೆಂದ ಮೇಲೆ ಆತ ಇನ್ನೇನು ಮಾಡಬೇಕಿತ್ತು? ತಪ್ಪು ಸಾಕ್ಷ್ಯ ಬಚ್ಚಿಟ್ಟವರದು. ತೀರ್ಪು ರದ್ದಾಯಿತೆಂದರೆ ಸ್ಟೀವನ್ಸ್ ಎಲ್ಲ ವಿಷಯದಲ್ಲೂ ಸರಿಯಿದ್ದರೆಂದು ಅರ್ಥವಲ್ಲ. ಅವರ ತಪ್ಪನ್ನು ನ್ಯಾಯವಾಗಿ ಸಾಬೀತುಪಡಿಸಲಿಲ್ಲವೆಂದು ಅರ್ಥ. ಆರೋಪ ಬೇರೆ, ಅಪರಾಧ ಬೇರೆ ಎಂಬ ನಿಯಮ ಕಳ್ಳರನ್ನು ಕಾಪಾಡಲು ಹುಟ್ಟಿದ್ದಲ್ಲ, ನಿರಪರಾಧಿಯನ್ನು ಕಾಪಾಡಲು ಹುಟ್ಟಿದ್ದು. ಹಾಗೆಂದು ನ್ಯಾಯಾಲಯದ ಕೊನೆಯ ತೀರ್ಪು ಬರುವವರೆಗೆ ಕಣ್ಣು ಮುಚ್ಚಿ ಮತ ಹಾಕಿ ಎಂದೂ ನಾನು ಹೇಳಲಾರೆ. ಅಷ್ಟರಲ್ಲಿ ಐದಾರು ಚುನಾವಣೆಗಳೇ ಕಳೆದಿರುತ್ತವೆ. ನ್ಯಾಯಾಲಯ ಒಬ್ಬರ ಸ್ವಾತಂತ್ರ್ಯವನ್ನು ಕಸಿಯುತ್ತದೆ, ಆದ್ದರಿಂದ ಅದಕ್ಕೆ ಸಂಶಯಕ್ಕೆಡೆಯಿಲ್ಲದ ಪುರಾವೆ ಬೇಕು. ಮತದಾರ ಕೊಡುವುದು ನಂಬಿಕೆಯನ್ನು. ನಂಬಿಕೆ ಕೊಡಲು ಅಥವಾ ಹಿಂಪಡೆಯಲು ಅಷ್ಟು ಪುರಾವೆ ಬೇಕಿಲ್ಲ. ಆದರೆ ಸ್ವಲ್ಪವಾದರೂ ಪರಿಶೀಲನೆ ಬೇಕೇ ಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮುಂದೆ ನಿಮ್ಮ ಮುಂದೆ ಒಂದು ಹಗರಣದ ಸುದ್ದಿ ಬಂದಾಗ ನಿಮ್ಮನ್ನೇ ಕೇಳಿಕೊಳ್ಳಿ. ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಇದರಿಂದ ಲಾಭವೇನು? ಇದು ಬರೀ ಮಾತೇ, ದೋಷಾರೋಪಣೆಯೇ, ತೀರ್ಪೇ? ಇದೇ ಕೆಲಸವನ್ನು ನನಗಿಷ್ಟವಾದ ಪಕ್ಷದವನು ಮಾಡಿದ್ದರೂ ನಾನು ಇಷ್ಟೇ ಸಿಟ್ಟಾಗುತ್ತಿದ್ದೆನೇ? ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಎಲ್ಲಕ್ಕಿಂತ ಕಷ್ಟ. ಆ ಉತ್ತರವನ್ನು ನೀವು ಯಾರಿಗೂ ಹೇಳಬೇಕಾಗಿಲ್ಲ. ಮತಗಟ್ಟೆಯ ಮರೆಯಲ್ಲಿ ನಿಂತಾಗ ನಿಮಗೆ ನೀವು ಹೇಳಿಕೊಂಡರೆ ಸಾಕು.